ನಲವತ್ತೆರಡು ಗೂಡು

ಐದರ ಎದುರಿನ ಚೌಕಕ್ಕೆ ಹಾಕಬೇಕಿದ್ದ ಗುರುತು
ಜಾರಿ ನಲವತ್ತೆರಡರ ಎದುರು ಬಿತ್ತು.
ಕನ್ನಡಕ ರಿಪೇರಿಗೆ ಹೋಗಿತ್ತು, ಸ್ವಾಮಿ.
ಬಿಟ್ಟಿ ಬನಿಯನ್ನು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.

ಇನ್ನು ಹದಿನೆಂಟು ದಿನ.
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಇಪ್ಪತ್ತು ವರ್ಷ ತಕ್ಕಡಿಯ ಮುಂದೆ ಕೂತವನು ನಾನು.
ಓಡಿದ್ದೆಂದರೆ ಒಮ್ಮೆ, ಚಿಂತಾಮಣಿ ಬಸ್ಸಿನ ಹಿಂದೆ.
ಹತ್ತಿದ ಮೇಲೆ ನೋಡಿದರೆ
ಅದು ಗೌರಿಬಿದನೂರಿಗೆ ಹೊರಟಿತ್ತು.

ಸುದ್ದಿ ಹರಡಿದ್ದೇ ತಡ, ಗುರುಗಳು ಹುಟ್ಟಿಕೊಂಡರು.

ಹಮಾಲಿ ದ್ಯಾವಪ್ಪ:
ಬೂಟು ಹಾಕ್ಕೊಂಡೇ ಮಲಗಿ ಸಾರ್,
ಕಾಲಿಗೆ ಅಭ್ಯಾಸ ಆಗುತ್ತೆ, ನಿಮಗೆ ಗೊತ್ತೇ ಆಗಲ್ಲ.
ಮೂರು ರಾತ್ರಿ ಮಲಗಿದೆ.
ನಾಲ್ಕನೆಯ ರಾತ್ರಿ ಅಶ್ವತ್ಥಮ್ಮ
ಬೂಟಿಗೂ ನನಗೂ ಸೇರಿಸಿ
ಜಗಲಿಯಲ್ಲಿ ಒಂದೇ ಚಾಪೆ ಹಾಸಿದಳು.

ಬಾವಮೈದ ಬೈರಾರೆಡ್ಡಿಯದು ವಿಜ್ಞಾನ:
ಸ್ಕೂಟರಲ್ಲಿ ಆ ದಾರಿ ನಾಲ್ಕು ಸಲ ಸುತ್ತಿ ಬನ್ನಿ ಬಾವ,
ಮೈ ಕಿಲೋಮೀಟರು ಎಣಿಸ್ಕೊಳ್ಳುತ್ತೆ,
ಹೊತ್ತವರು ಯಾರು ಅಂತ ಅದೇನು ಕೇಳುತ್ತಾ?
ಸುತ್ತಿದೆವು.
ಎಣಿಸಿಕೊಂಡದ್ದು ಪೆಟ್ರೋಲ್ ಬಂಕಿನವನು.

ನಂದಿಬೆಟ್ಟದ ತುದಿಯಿಂದ ಶುರು ಮಾಡಿಸಿ ಅಂದ ಇನ್ನೊಬ್ಬ,
ಬರೀ ಇಳಿಜಾರು, ಕಾಲು ಬೇಡ, ಬ್ರೇಕು ಬಿಟ್ಟರೆ ಸಾಕು.

ಅತ್ತೆ ಪಿಳ್ಳಮ್ಮನಿಗೆ ಎಂಬತ್ತೊಂದು.
ಅದೇನು ಕಿಲೋಮೀಟರೋ, ಹರದಾರಿಯಲ್ಲಿ ಹೇಳಪ್ಪ ಅಂದಳು.
ಬೆರಳು ಮಡಿಸಿ ಮಡಿಸಿ ಒಂಬತ್ತಕ್ಕೆ ಇಳಿಸಿದಳು.
ಎದುರು ಮನೆ ಜೋಯಿಸರು ಇನ್ನೂ ಉದಾರಿ:
ಯೋಜನದ ಲೆಕ್ಕದಲ್ಲಿ ಮೂರೂವರೆ, ಅಷ್ಟೇ!
ಒಂದು ಹೆಜ್ಜೆಯನ್ನೂ ಇಡದೆ
ಮೂವತ್ತೆಂಟೂವರೆ ಉಳಿತಾಯ.
ಆ ಖುಷಿಗೆ ಬೆಣ್ಣೆ ಹಾಕಿಸಿ ಎರಡು ದೋಸೆ ತಿಂದೆ.

ಮಗಳು ತರಬೇತಿಯ ಪಟ್ಟಿ ಬರೆದುಕೊಟ್ಟಳು, ನಾಲ್ಕು ಬಣ್ಣದಲ್ಲಿ,
ಹದಿನಾರು ವಾರದ್ದು, ಒಂದೇ ರಾತ್ರಿಯಲ್ಲಿ.
ದಸರಾ ರಜೆಯ ಹೋಂವರ್ಕನ್ನು ಹೀಗೇ ಮುಗಿಸುವವಳು ಅವಳು.
ಪಟ್ಟಿಯ ಪ್ರಕಾರ ನಾನೀಗ ಭಯಂಕರ ಓಟಗಾರ.
ಮೆಟ್ಟಿಲ ಪ್ರಕಾರ ಅಲ್ಲ.

ಇಷ್ಟೂ ದಿನ ಬಾಯಿ ಬಿಡದೆ ಕೂತಿದ್ದವರು
ರೀಲರ್ ಅಮಾನುಲ್ಲಾ ಸಾಬರು.
ರಾಶಿಯಿಂದ ಒಂದು ಗೂಡು ಎತ್ತಿ
ಕಿವಿಯ ಹತ್ತಿರ ಅಲ್ಲಾಡಿಸಿ ಹೇಳಿದರು:
ಇದರೊಳಗೆ ಒಂದು ಕಿಲೋಮೀಟರು ಎಳೆ ಇದೆ, ತುಂಡಿಲ್ಲದ್ದು.
ನಲವತ್ತೆರಡು ಎಣಿಸಿ ಇಟ್ಕೊಳ್ಳಿ. ಮುಗೀತಲ್ಲ?

ಎಣಿಸಿದೆ. ಕೈ ಸುಮ್ಮನಿರಲಿಲ್ಲ, ತೂಗಿದೆ.
ಎಂಬತ್ತು ಗ್ರಾಂ.
ಇಷ್ಟಕ್ಕೆ ಇಷ್ಟು ಭಯವೇ?

ಈ ಹುಳ ಯಾವ ತರಬೇತಿ ಮಾಡುತ್ತೆ ಸಾಬರೇ?
ತಿನ್ನುತ್ತೆ, ಜ್ವರ ಬಂದು ಮಲಗುತ್ತೆ,
ಏಳುತ್ತೆ, ಮತ್ತೆ ತಿನ್ನುತ್ತೆ. ನಾಲ್ಕು ಜ್ವರ, ಅಷ್ಟೇ.
ಆಮೇಲೆ ಕೂತಲ್ಲೇ ತಲೆ ಆಡಿಸಿ ಆಡಿಸಿ
ಒಂದು ಗೇಣೂ ಮುಂದೆ ಹೋಗದೆ
ಒಂದು ಕಿಲೋಮೀಟರು.
ಕೊನೆಗೂ ಸಿಕ್ಕಿತು ನನ್ನ ಜಾತಿಯ ಕ್ರೀಡಾಪಟು!
ಉಳಿದ ಐದು ದಿನ ಹಿಪ್ಪುನೇರಳೆ ಸೊಪ್ಪೊಂದು ಬಿಟ್ಟು
ಎಲ್ಲವನ್ನೂ ಅದರ ಹಾಗೇ ತಿಂದೆ.

ಭಾನುವಾರ, ಚಿಕ್ಕಬಳ್ಳಾಪುರ, ಇನ್ನೂ ಕತ್ತಲು.
ಸೊಂಟದಲ್ಲಿ ಎಲೆಯಡಿಕೆ ಚೀಲ,
ಚೀಲದಲ್ಲಿ ನಲವತ್ತೆರಡು ಗೂಡು,
ಮೈಮೇಲೆ ಎರಡು ಅಳತೆ ಚಿಕ್ಕದಾದ ಬಿಟ್ಟಿ ಬನಿಯನ್ನು.
ಸೀಟಿ ಊದಿದರು. ಓಡಿದೆ. ನಿಜವಾಗಿಯೂ ಓಡಿದೆ.
ಆರನೆಯ ಕಲ್ಲಿನ ಹತ್ತಿರ
ಹೊಂಗೆ ಮರವೊಂದು ನನ್ನನ್ನು ಹೆಸರು ಹಿಡಿದು ಕರೆಯಿತು.
ನೀರು ಕೊಟ್ಟ ಪುಟ್ಟ ಹುಡುಗಿ ಬಗ್ಗಿ ನೋಡಿ ಕೇಳಿದಳು,
ಇನ್ನೆಷ್ಟು ಉಳಿದಿದೆ ತಾತ?
ಮೂರೇ ಯೋಜನ ಮಗು, ಅಂದೆ.

ಸಂಜೆ. ಹಿತ್ತಲಲ್ಲಿ ಬೋಗುಣಿ, ಹೊಗೆಯಾಡುವ ನೀರು,
ಅದರಲ್ಲಿ ನನ್ನ ಎರಡು ಕಾಲು.
ಹುಳದ ತರಬೇತಿಯ ಕೊನೆಯ ಪಾಠವನ್ನು
ಅಮಾನುಲ್ಲಾ ಸಾಬರು ಬೇಕೆಂದೇ ನುಂಗಿದ್ದರು.
ಅಶ್ವತ್ಥಮ್ಮ ಮಾತಾಡದೆ ಹಿಮ್ಮಡಿ ಉಜ್ಜುತ್ತಿದ್ದಾಳೆ,
ಎಳೆಯ ತುದಿ
ಎಲ್ಲೋ ಇಲ್ಲೇ ಸಿಗಬೇಕು ಅನ್ನುವ ಹಾಗೆ.