ಮೂರು ನಿಮಿಷದ ಮರಳು

ಬೋನವಿಸ್ಟಾದಲ್ಲಿ ಮೇ ತಿಂಗಳು ಅಂದರೆ
ಕೊಲ್ಲಿಯ ಬಾಯಲ್ಲಿ ಇನ್ನೂ ಒಂದು ಮಂಜಿನ ಗುಡ್ಡ
ಹೋಗಲೋ ಬೇಡವೋ ಎಂದು ನಿಂತಿರುತ್ತದೆ.
ಅಂಥ ದಿನ ಫೋನು:
"ಗಾರ್ಲಂಡ್, ಬಿಸಿನೀರು ಮೂರೇ ನಿಮಿಷ.
ಆಮೇಲೆ ಉಗುರುಬೆಚ್ಚಗೆ. ಆಮೇಲೆ ಸಮುದ್ರ."

ವರ್ನಾ ಏಡಿ ಕಾರ್ಖಾನೆಯಿಂದ ಬಂದವಳು,
ಬೆರಳ ಸಂದಿಯಲ್ಲಿ ಉಪ್ಪು, ಮುಂಗೈ ಕೆಂಪು.
ಅಕ್ಕ ಎಲ್‌ಫ್ರೀಡಾ ಶಾಲೆಯ ಬಸ್ಸು ಓಡಿಸುವವಳು,
ಐದಕ್ಕೇ ಎದ್ದು ಸ್ನಾನ.
"ಎಲ್ಲಾ ಇವಳೇ ಸುರಿದುಕೊಳ್ಳುತ್ತಾಳೆ."
ಹೇಳಿದ್ದು ಯಾರು ಅಂದರೆ, ಇಬ್ಬರೂ.
ಬಚ್ಚಲ ಬಾಗಿಲಿಗೆ ಮೊಳೆ, ಮೊಳೆಗೆ ದಾರ,
ದಾರದ ತುದಿಗೆ ಮೊಟ್ಟೆ ಬೇಯಿಸುವ ಮರಳು ಗಡಿಯಾರ.
ಮಾತು ನಿಂತು ಎರಡು ಚಳಿಗಾಲ;
ಏನಿದ್ದರೂ ಫ್ರಿಜ್ಜಿನ ಮೇಲೊಂದು ಚೀಟಿ:
"ನಿನ್ನೆ ಐದು ನಿಮಿಷ. ಎಣಿಸಿದ್ದೇನೆ."

ನಾನು ನ್ಯಾಯ ಹೇಳುವವನಲ್ಲ. ನೆಲಮಾಳಿಗೆಗೆ ಇಳಿದೆ.
ಕರೆಂಟು ತೆಗೆದು, ಮುಚ್ಚಳ ಬಿಚ್ಚಿ, ಮೀಟರು ಹಿಡಿದೆ.
ಮೇಲಿನ ಕಾಯಿಲು ಸರಿ. ಕೆಳಗಿನದೂ ಸರಿ.
ಥರ್ಮೋಸ್ಟಾಟು ಅರವತ್ತಕ್ಕೇ ನಿಂತಿದೆ, ನಂಬಿಗಸ್ತ.
ಹಂಡೆಯ ಬುಡದಲ್ಲಿ ಒಂದು ಹನಿ ಸೋರಿಲ್ಲ.
ಕಾಯಿಲೆಯೇ ಇಲ್ಲದ ರೋಗಿಯೆದುರು ಕೂತ ಹಾಗೆ
ಬಕೆಟ್ಟು ಬೋರಲು ಹಾಕಿ ಕೂತೆ.

ಮೇಲೆ ಬಂದು ನಲ್ಲಿಯ ಬಾಯಿಯ ಜಾಲರಿ ಬಿಚ್ಚಿದೆ.
ಅಂಗೈಗೆ ಉದುರಿತು ಬಿಳಿ ನುಚ್ಚು.
"ಸುಣ್ಣ" ಎಂದಳು ವರ್ನಾ.
"ಸುಣ್ಣವೇ" ಎಂದಿತು ಪಕ್ಕದ ಕೋಣೆ.
ಒಪ್ಪಿಬಿಟ್ಟದ್ದು ಹೊಳೆದು ಇಬ್ಬರೂ ಗಪ್‌ಚಿಪ್.
ಒಂದು ಬಟ್ಟಲು ವಿನೆಗರ್ ಕೇಳಿದೆ.
ಸುಣ್ಣವಾದರೆ ಬುಸುಗುಟ್ಟಬೇಕು, ನೊರೆಯೇಳಬೇಕು.
ಇದು ಸುಮ್ಮನೆ ತೇಲಿತು, ತನಗೇನೂ ತಿಳಿಯದ ಹಾಗೆ.
ಪ್ಲಾಸ್ಟಿಕ್ಕು.

ಹಂಡೆಯೊಳಗೊಂದು ಕೊಳವೆಯಿರುತ್ತದೆ, ಎದೆಯುದ್ದ.
ಬಂದ ತಣ್ಣೀರನ್ನು ಬಿಸಿಯ ನಡುವೆಯೇ ಹಾಯಿಸಿ
ಬಿಸಿಗೆ ತಾಗಗೊಡದೆ ತಳ ಮುಟ್ಟಿಸುವುದು ಅದರ ಕೆಲಸ.
ಅಲ್ಲಿ ಅದು ಕಾಯಬೇಕು;
ಕಾದು, ಕಾದು, ಮೇಲೇಳಬೇಕು.
ತಿರುಪು ಬಿಚ್ಚಿ ಎಳೆದರೆ ಬಂದದ್ದು ನಾಲ್ಕು ಬೆರಳು.
ಉಳಿದದ್ದು ಯಾವಾಗಲೋ ಪುಡಿಯಾಗಿ
ಮನೆಯ ನಲ್ಲಿನಲ್ಲಿಗೂ ಹರಿದುಹೋಗಿತ್ತು.
ಒಳಬಂದ ತಣ್ಣೀರು ಹೊಸಿಲಲ್ಲೇ,
ಹೊರಟು ನಿಂತ ಬಿಸಿಯ ಮೈಮೇಲೆ ಬೀಳುತ್ತಿತ್ತು.

"ಆ ಪುಡಿ ನಾನು ಕುಡಿದೆನಾ?" ಎಲ್‌ಫ್ರೀಡಾ ಬಾಗಿಲಿಗೆ ಬಂದಿದ್ದಳು.
"ಸ್ವಲ್ಪ."
"ಅವಳೂ?"
"ಸರಿಸಮ."
ತುಂಡನ್ನು ಬೆಳಕಿಗೆ ಹಿಡಿದು, ಮೂಸಿ, ಕಿಟಕಿಯಲ್ಲಿಟ್ಟಳು.

ಹೊಸ ಕೊಳವೆ ಇಳಿಸಿದೆ. ಗಾಳಿ ಕೆಮ್ಮಿ ನೀರು ಬಂತು.
ಒಂದು ಗಂಟೆ ಕಾಯಿರಿ ಎಂದೆ. ಟೀ ಕೊಟ್ಟರು,
ಒಬ್ಬಳು ಲೋಟ, ಇನ್ನೊಬ್ಬಳು ಸಕ್ಕರೆ.
ಆಮೇಲೆ ವರ್ನಾ ಸ್ನಾನಕ್ಕೆ ಹೋದಳು.
ಎಲ್‌ಫ್ರೀಡಾ, ಅಭ್ಯಾಸಬಲ, ಗಡಿಯಾರ ಮಗುಚಿದಳು.
ಮರಳು ಮುಗಿಯಿತು. ನೀರು ಸುರಿಯುತ್ತಲೇ ಇತ್ತು.
ಬಾಗಿಲ ಕೆಳಗಿನ ಸಂದಿನಿಂದ ಹಬೆ ಅವಳ ಪಾದದವರೆಗೆ ಬಂತು.
ಮತ್ತೆ ಮಗುಚಿದಳು.
ನಾನು ಬಿಲ್ಲು ಬರೆಯುತ್ತಿದ್ದೆ;
ಎರಡು ಮಾಡಲೇ ಎಂದು ಕೇಳಬೇಕಿತ್ತು,
ಕೇಳಲಿಲ್ಲ.