ಷರಾ

ಟಾರ್ಚಿನ ಬಾಯಿಗೆ ಕೆಂಪು ಜಿಲೇಟಿನ್ ಕಾಗದ, ಮೇಲೊಂದು ರಬ್ಬರ್ ಬ್ಯಾಂಡು.
ಕೆಂಪು ಬೆಳಕು ಹುಳಕ್ಕೆ ಕಾಣುವುದಿಲ್ಲ.
ನಮಗೆ ಕಾಣುವುದೂ ಅಷ್ಟಕ್ಕಷ್ಟೇ.
ಶಂಕರಘಟ್ಟದ ಹಿಂದೆ, ಭದ್ರಾ ನಾಲೆಯ ಏರಿ ಇಳಿದರೆ
ಸೊಂಟದುದ್ದ ನಾಯಿತುಳಸಿ;
ಅದರೊಳಗೆ ನಾನು, ಹಾಲೇಶ, ಒಂದು ಮೈಕು,
ಎಂಟು ತಿಂಗಳಿಂದ ಬಾರದ ಫೆಲೋಶಿಪ್ಪು.

"ಹುಳದ ಪ್ರಸ್ತ ನೋಡಕ್ಕೆ ಸರ್ಕಾರ ದುಡ್ ಕೊಡುತ್ತಾ?"
ನೀರಗಂಟಿ ಗುತ್ಯಪ್ಪ ಬೀಡಿ ಹಚ್ಚಿ ಕೇಳಿದ.
ಕೊಡಲ್ಲ ಅಂದೆ.
ಅವನ ಹೊಗೆ ಕರಗುವವರೆಗೆ
ಒಂದು ಹುಳವೂ ಉಸಿರೆತ್ತಲಿಲ್ಲ.

ಮೊದಲು ಶುರುಮಾಡಿದ್ದು ಪಕ್ಕದ ಪೊದೆಯ ದಢೂತಿ, ಒಂಬತ್ತನೆಯವನು.
ಕಿವಿ ತೂತಾಗುವಂತೆ.
ನಮ್ಮವನು ಹದಿನೇಳು.
ಎರಡು ಅಕ್ಕಿಕಾಳಿನುದ್ದ,
ಬೆನ್ನಿಗೆ ನಾವು ಹಚ್ಚಿದ ಬಿಳಿ ಚುಕ್ಕೆ ಇಲ್ಲದಿದ್ದರೆ ಅವನೂ ಒಂದು ಚಿಗುರು.
ಇವನು ಒದರಲಿಲ್ಲ. ಎಲೆ ಆರಿಸಿದ.
ಒಂದನ್ನು ಬಿಟ್ಟ. ಇನ್ನೊಂದನ್ನೂ ಬಿಟ್ಟ.
ಮೂರನೆಯದರ ನಡುವೆ ಬಾಯಿಟ್ಟು
ಕಡಿದ, ಕಡಿದ,
ಹೆಸರುಕಾಳಿನಷ್ಟು ತೂತು.
ಅದರಲ್ಲಿ ಮೈ ತೂರಿಸಿ, ರೆಕ್ಕೆ ಎತ್ತಿ, ಎಲೆಗೆ ಸಮ ಹಿಡಿದು
ಉಜ್ಜಿದ.
ಮೀಟರಿನ ಅಂಕಿ ಜಿಗಿಯಿತು.
ಎಲೆಯಷ್ಟೂ ಈಗ ಅವನ ರೆಕ್ಕೆ.

ಬಂದಳು. ಒಂಬತ್ತನೆಯವನ ಪೊದೆ ದಾಟಿಯೇ ಬಂದಳು.
ಮೋಸ ಹೋದಳೋ, ಮೆಚ್ಚಿದಳೋ,
ಅದಕ್ಕೆ ನಮ್ಮ ಹಾಳೆಯಲ್ಲಿ ಕಾಲಮ್ಮಿಲ್ಲ.
ಬೆನ್ನೇರಿ, ಅವನ ರೆಕ್ಕೆಬುಡದ ಒಸರು ನೆಕ್ಕುತ್ತ ಇದ್ದಷ್ಟು ಹೊತ್ತು
ನಾನು ಸ್ಟಾಪ್‌ವಾಚು ಹಿಡಿದಿದ್ದೆ.
ಇಪ್ಪತ್ತಾರು ನಿಮಿಷ.
ಹಾಲೇಶ ಉಸಿರು ಬಿಟ್ಟದ್ದು ಕೇಳಿಸಿತು.

ಸೆಮಿನಾರಿನಲ್ಲಿ ಅವನಿಗೆ 'ಪ' ದಾಟುವುದಿಲ್ಲ.
ಪ, ಪ, ಎಂದು ನಿಂತಾಗ
ಗೈಡು ಕಿಟಕಿಯಾಚೆ ನೋಡುತ್ತಾರೆ,
ಹಿಂದಿನ ಬೆಂಚು ಕೆಮ್ಮುತ್ತದೆ,
ನಾನು ಸ್ಲೈಡು ಮುಂದಕ್ಕೆ ಸರಿಸುತ್ತೇನೆ, ಅದು ಸಹಾಯವಲ್ಲ ಅಂತ
ಗೊತ್ತಿದ್ದೂ.

ಅವರಿಬ್ಬರೂ ಹೋದ ಮೇಲೆ
ಎಲೆ ಕಿತ್ತು, ನಂಬರು ಬರೆದು, ಕವರಿಗೆ ಹಾಕಬೇಕು. ನಿಯಮ.
ಹಾಲೇಶ ಕಿತ್ತ. ತುಟಿಗೆ ಹಿಡಿದ.
ಆ ಹೆಸರುಕಾಳಿನ ತೂತಿನಿಂದ, ನಗದೆ,
ಥರ್ಮಾಮೀಟರು ಓದಿದ:
"ಇಪ್ಪತ್ತೆರಡು ಡಿಗ್ರಿ."

ಬರೆದುಕೊಂಡೆ.
ಷರಾ ಕಾಲಮ್ಮಿನಲ್ಲಿ:
ಗಾಳಿ ಇಲ್ಲ. ಕರೆ ಸ್ಪಷ್ಟ.

ಹದಿನೆಂಟನೆಯವನು ಅವತ್ತು ಸಿಗಲಿಲ್ಲ.