ಮೂರು ಮೂಗಿನ ಗಾಡಿ

ಕಂಪನಿಯ ಕಾರ್ಬೊರೇಟರು ಸತ್ತು ಆರು ತಿಂಗಳಾಗಿತ್ತು.
ಜತ್ತಿನಲ್ಲಿ ಸಿಗಲಿಲ್ಲ, ಸಾಂಗ್ಲಿಯಲ್ಲಿ ಸಿಗಲಿಲ್ಲ,
ವಿಜಾಪುರದ ಅಂಗಡಿಯವ ನಕ್ಕೇಬಿಟ್ಟ:
"ಮಾರುತಿ ಏಟ್ ಹಂಡ್ರೆಡ್ಡಾ? ಇನ್ನೂ ಓಡಸ್ತೀರೇನ್ರಿ?"
ಎಲ್ಲಿ ಓಡಿಸುತ್ತಿದ್ದೆ. ಅದರ ಟಪ್ಪಿನ ಮೇಲೆ
ಸಂಡಿಗೆ ಒಣಗಿಸುತ್ತಿದ್ದೆ.

ದಸ್ತಗೀರ ಬಂದು ಬಾನೆಟ್ಟು ಎತ್ತಿದ.
ಏಳನೇ ಇಯತ್ತೆಯಲ್ಲಿ ಎರಡು ವರ್ಷ ಕೂತ ಹುಡುಗ.
ಈಗ ಉಮದಿ ಸ್ಟ್ಯಾಂಡಿನ ಹಿಂದೆ ಬೋರ್ಡಿಲ್ಲದ ಗ್ಯಾರೇಜು,
ಗಡ್ಡದಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ.
"ಸಿಲಿಂಡರ ಮೂರವ, ಅಕ್ಕೋರ.
ಮೂರು ಪಲ್ಸರಿನ ಕಾರ್ಬೊರೇಟರ ಕೂಡಸೋಣು.
ಒಂದಕ್ಕೊಂದು ಮೂಗು."

ಗುಜರಿಯಿಂದ ಬಂದವು, ಗೋಣಿಚೀಲದಲ್ಲಿ.
ಒಂದು ಸೋಲಾಪುರದ ರಸ್ತೆಯಲ್ಲಿ ಲಾರಿಗೆ ತಾಗಿದ ಗಾಡಿಯದು.
ಒಂದು, ಕಂತು ಕಟ್ಟದೆ ಬ್ಯಾಂಕಿನವರು ಎಳೆದೊಯ್ದದ್ದು.
ಇನ್ನೊಂದರ ಕಥೆ ಗುಜರಿಯವನಿಗೂ ಗೊತ್ತಿಲ್ಲ.
ಸೀಮೆಎಣ್ಣೆಯಲ್ಲಿ ತೊಳೆದೆ. ಜೆಟ್ಟಿನ ತೂತನ್ನು
ಬೆಳಕಿಗೆ ಹಿಡಿದರೆ ಆಚೆ
ಸಾಸಿವೆಗಿಂತ ಸಣ್ಣ ಆಕಾಶ.

ಮೂಗು ಬಂತು, ಕೂಡಿಸಲು ಮುಖ ಬೇಕಲ್ಲ:
ದಪ್ಪ ಪಟ್ಟಿಯೊಂದು, ಪೈಪಿನ ಮೂರು ತುಂಡು.
"ಬೆಸಿಗಿ ನಾ ಹಾಕ್ತೀನಿ" ಅಂದೆ.
ಯಾಕಂದೆನೋ. ವಯಸ್ಸು ಐವತ್ತಾರು,
ಈ ಕೈಗೆ ಹತ್ತಿದ್ದು ಬರೀ ಬೋರ್ಡಿನ ಖಡುವಿನ ಪುಡಿ.
ಅವನು ನಗಲಿಲ್ಲ. ಹೋಲ್ಡರು ಕೊಟ್ಟ.

ಮೊದಲ ರಾಡು ಕಬ್ಬಿಣಕ್ಕೆ ಕಚ್ಚಿಕೊಂಡಿತು.
ಎಳೆದೆ, ತಿರುವಿದೆ, ರಾಡೇ ಕೆಂಪಗಾಯಿತು,
ಮೂಲೆಯ ಮಶೀನು ಹೊಟ್ಟೆನೋವಿನ ಎಮ್ಮೆಯಂತೆ ನರಳಿತು.
"ಒತ್ತಬ್ಯಾಡ್ರಿ. ಕಡ್ಡಿಪೆಟ್ಟಿಗಿ ಗೀರಿದಂಗ ಗೀರ್ರಿ.
ಹತ್ತಿತು ಅಂದ್ರ, ಒಂದು ಜ್ವಾಳದ ಕಾಳಿನಷ್ಟು
ದೂರ ನಿಂದರ್ರಿ."
ಕಪ್ಪು ಗಾಜಿನೊಳಗೆ ಊರೆಲ್ಲ ಮುಳುಗಿ
ಒಂದೇ ಹಸಿರು ಹನಿ ಉಳಿಯಿತು,
ಹನಿಯ ಬುಡಕ್ಕೆ ಕುದಿಯುವ ಪುಟ್ಟ ಕೆರೆ.
ಆ ಕೆರೆಯನ್ನು ನಡೆಸಿಕೊಂಡು ಹೋಗಬೇಕು. ಅಷ್ಟೇ ವಿದ್ಯೆ.

ಎರಡು ಸಲ ಗಾಜು ಹಿಡಿಯುವುದು ಮರೆತೆ.
ಆ ರಾತ್ರಿ ಕಣ್ಣೊಳಗೆ ಬಿಸಿ ಉಸುಕು.
ಅತ್ತೆ ಬೆಳಗಿನ ಪಲ್ಯಕ್ಕೆಂದು ಇಟ್ಟಿದ್ದ
ಕಡೆಯ ಎರಡು ಆಲೂಗಡ್ಡೆ ಹೋಳು ಮಾಡಿ
ರೆಪ್ಪೆಯ ಮೇಲಿಟ್ಟು ಮಲಗಿದೆ.

ಆರನೆಯ ದಿನ ಚಿಪ್ಪು ಕೆತ್ತಿದಾಗ ಗೆರೆ ಕಂಡಿತು.
ಗೆರೆಯೇ ಅದು? ನೀರು ಚೆಲ್ಲಿದ ಇರುವೆ ಸಾಲು.
ದಸ್ತಗೀರ ಬೆರಳಾಡಿಸಿ, ಬಹಳ ಹೊತ್ತು ಸುಮ್ಮನಿದ್ದು,
"ಅಕ್ಷರ ದುಂಡಗಿಲ್ಲ, ಅಕ್ಕೋರ" ಅಂದ.
"ತಿದ್ದಿ ಬರೀರಿ."
ನನ್ನದೇ ಮಾತು, ನನ್ನದೇ ಧ್ವನಿ.
ಕನ್ನಡಕ ಜಾರಿಸಿ ಮೇಲಿಂದ ನೋಡುವ ಆ ನೋಟ ಕೂಡ,
ಕನ್ನಡಕವೇ ಇಲ್ಲದೆ.

ಚಾಲೂ ಆಯಿತು. ಆದರೆ ಮೂರಕ್ಕೂ ಮೂರು ಮಾತು.
ಪಂಪಿನ ರಭಸಕ್ಕೆ ಪೆಟ್ರೋಲು ಉಕ್ಕಿ ನೆಲಕ್ಕೆ.
ಪಂಪು ಬಿಚ್ಚೊಗೆದು ಹಳೆಯ ಲೂನಾದ ಟಾಕಿಯನ್ನು
ಸಂಡಿಗೆಯ ಜಾಗದಲ್ಲೇ ಬಿಗಿದು ಕಟ್ಟಿದ.
ಸಲಾಯಿನ್ನಿನ ನಳಿಗೆಗೆ ಎಣ್ಣೆ ತುಂಬಿ
ಎರಡೆರಡು ಮೂಗಿಗೆ ಹಚ್ಚಿದ: ಯಾವುದು ಜಾಸ್ತಿ ಉಸಿರೆಳೆಯುತ್ತದೋ
ಆ ಕಡೆ ಎಣ್ಣೆ ಏರುತ್ತದೆ. ಸ್ಕ್ರೂ ಕಾಲು ಸುತ್ತು.
ಮತ್ತೆ ಕಾಲು. ಅರೆಪಾವು.
ನಡುವಿನದು ಕೇಳಲೇ ಇಲ್ಲ.

ಸಬಕಾರದ ನೊರೆ ಹಚ್ಚುತ್ತ ಬಂದೆವು.
ನನ್ನ ಬೆಸುಗೆಯ ಮೇಲೆ ಒಂದೇ ಕಡೆ
ನೊರೆ ಸದ್ದಿಲ್ಲದೆ ಒಳಗೆ ಹೋಯಿತು.
ಗುಂಡುಸೂಜಿಯ ತೂತು. ಅಷ್ಟರಿಂದಲೇ
ಕಳ್ಳಗಾಳಿ ಉಣ್ಣುತ್ತಿತ್ತು ಎಂಜಿನ್ನು.

ಅವನೇ ಮುಚ್ಚಬಹುದಿತ್ತು, ಒಂದು ಚುಕ್ಕಿಯ ಕೆಲಸ.
ಬಿಚ್ಚಿ, ಒರೆಸಿ, ಅಂಗಳಕ್ಕೆ ತಂದು ನನ್ನೆದುರಿಟ್ಟು
ಚಹಾ ತರುತ್ತೇನೆಂದು ಹೋದ,
ಬಹಳ ಹೊತ್ತು ಬರಲಿಲ್ಲ.

ಈಗ ಚಡಚಣದ ತನಕ ಹೋಗಿಬರುತ್ತೇನೆ.
ನಲವತ್ತರವರೆಗೆ ಚಲೋ. ಐವತ್ತು ಮುಟ್ಟಿತೋ,
ಕಥೆ ಗೊತ್ತಿಲ್ಲದ ಆ ನಡುವಿನ ಮೂಗು
ಒಂದು ಸಲ ಸೀನುತ್ತದೆ,
ಹೆಚ್ಚುಕಡಿಮೆ ಗಡಿಯ ಕಲ್ಲಿನ ಹತ್ತಿರವೇ.
ಕಾಲು ಸುತ್ತು ತಿರುವಿದರೆ ಸರಿಹೋದೀತು.
ಯಾವ ಕಡೆಗೆ ಅಂತ
ದಸ್ತಗೀರ ಹೇಳುವುದಿಲ್ಲ.